ಎರಡು ಪೈಸೆಯ ಸಗಣಿ, ಹತ್ತು ರೂಪಾಯಿಯ ಬೆಳಕು

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಪುರ ಅಂತ ಒಂದು ಪುಟ್ಟ ಹಳ್ಳಿ ಇದೆ. ಬೆಂಗಳೂರಿನಿಂದ ಹಾಸನ, ಮಂಗಳೂರು ಕಡೆ ಹೋಗುವವರೆಲ್ಲ ಕುಣಿಗಲ್ ದಾಟಿಯೇ ಹೋಗುತ್ತೇವೆ. ಕೆರೆ ನೋಡುತ್ತೇವೆ, ಕಾಫಿ ಕುಡಿಯುತ್ತೇವೆ, ಮುಂದಿನ ಊರಿನ ಯೋಚನೆ ಮಾಡುತ್ತೇವೆ. ಪುರ ಯಾರ ಕಣ್ಣಿಗೂ ಬೀಳುವುದಿಲ್ಲ. ತಮಾಷೆ ಏನಪ್ಪಾ ಅಂದ್ರೆ, ಹಳ್ಳಿಗಳ ಇಂಧನದ ಬಗ್ಗೆ ಜಗತ್ತಿನಲ್ಲಿ ಯಾರೇ ಗಂಭೀರವಾಗಿ ಬರೆದರೂ ಅಲ್ಲಿ ಈ ಹೆಸರು ಒಮ್ಮೆಯಾದರೂ ಇಣುಕುತ್ತದೆ. ನಮ್ಮ ಪಕ್ಕದ ಊರಿನ ಚರಿತ್ರೆಯನ್ನು ನಾನು ಯಾವುದೋ ದೇಶದವರು ಬರೆದ ಇಂಗ್ಲಿಷ್ ವರದಿಯ ಅಡಿಟಿಪ್ಪಣಿಯಲ್ಲಿ ಓದಿ ತಿಳಿದುಕೊಂಡೆ. ಅದನ್ನು ಕನ್ನಡದಲ್ಲಿ ಒಂದು ಕಡೆ ಬರೆದಿಡೋಣ ಅಂತ ಈ ಬರಹ. ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಿ :-)

ಇದನ್ನು ಈಗಲೇ ಬರೆಯಬೇಕು ಅನ್ನಿಸಲು ಕಾರಣವೂ ಇದೆ. ಇತ್ತೀಚೆಗೆ ಎಲ್ಲಿ ನೋಡಿದರೂ "ಗ್ರಾಮೀಣ ಭಾರತಕ್ಕೆ ಯುವಕರ ಆವಿಷ್ಕಾರ" ಅನ್ನುವ ಸ್ಪರ್ಧೆಗಳು. ಕಾಲೇಜುಗಳಲ್ಲಿ, ಕಂಪನಿಗಳಲ್ಲಿ ಇಪ್ಪತ್ನಾಲ್ಕು ಗಂಟೆ ಕೂತು ಕೋಡ್ ಬರೆದು, ರೈತರಿಗೊಂದು ಆಪ್, ಹಾಲಿನ ಡೈರಿಗೊಂದು ಸೆನ್ಸರ್ ಮಾಡಿ, ಬೆಳಿಗ್ಗೆ ಪಿಜ್ಜಾ ತಿಂದು, ಬಹುಮಾನ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ನಾನೂ ಇಂಜಿನಿಯರಿಂಗ್ ಓದಿದವನೇ, ಈ ಉತ್ಸಾಹವನ್ನು ಆಡಿಕೊಳ್ಳುವ ಮನಸ್ಸಿಲ್ಲ. ಆದರೆ ಐವತ್ತು ವರ್ಷದ ಹಿಂದೆಯೇ ಇದೇ ಕೆಲಸಕ್ಕೆ ಇಳಿದವರು ಏನು ಕಲಿತರು ಅನ್ನುವುದನ್ನು ಯಾರೂ ಹೇಳುವುದೇ ಇಲ್ಲವಲ್ಲ ಅನ್ನಿಸುತ್ತದೆ.

*

ಕಥೆ ಶುರುವಾಗುವುದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿ ಅನ್ನುವ ರಸಾಯನಶಾಸ್ತ್ರದ ಪ್ರಾಧ್ಯಾಪಕರಿದ್ದರು. ಬೆಂಗಳೂರಿನಲ್ಲೇ 1930ರಲ್ಲಿ ಹುಟ್ಟಿದವರು. ಜಾನ್ ಬಾಕ್ರಿಸ್ ಜೊತೆ ಸೇರಿ ಅವರು ಬರೆದ ಎಲೆಕ್ಟ್ರೋಕೆಮಿಸ್ಟ್ರಿಯ ಪಠ್ಯಪುಸ್ತಕ 1970ರಲ್ಲಿ ಬಂತು, ಜಗತ್ತಿನ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಅದನ್ನೇ ಓದುತ್ತಿದ್ದರು. ಇಂಥ ಹೆಸರು ಮಾಡಿದ ಮನುಷ್ಯ ತನ್ನ ಪಾಡಿಗೆ ತಾನು ಪ್ರಬಂಧ ಬರೆದುಕೊಂಡು ಇದ್ದುಬಿಡಬಹುದಿತ್ತು. ಆದರೆ ದೇಶದ ಅತ್ಯುತ್ತಮ ವಿಜ್ಞಾನ ಸಂಸ್ಥೆಯ ಗೇಟಿನಿಂದ ಕೆಲವೇ ಗಂಟೆ ದೂರದ ಹಳ್ಳಿಗೆ ಆ ವಿಜ್ಞಾನದಿಂದ ಏನಾಗಿದೆ ಅನ್ನುವ ಪ್ರಶ್ನೆ ಅವರನ್ನು ಬಿಡಲಿಲ್ಲ.

1974ರಲ್ಲಿ ಅವರು ಮತ್ತು ಸಹೋದ್ಯೋಗಿಗಳು ಸೇರಿ 'ಅಸ್ತ್ರ' ಕಟ್ಟಿದರು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನದ ಅನ್ವಯ ಅನ್ನುವ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿದರೆ ಬರುವ ಪದ ಅದು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸತೀಶ್ ಧವನ್. ಅದೇ ಹೊತ್ತಿಗೆ ಅವರು ಇಸ್ರೋ ಅಧ್ಯಕ್ಷರೂ ಹೌದು. ಒಂದು ಕೈಯಲ್ಲಿ ರಾಕೆಟ್ಟು, ಇನ್ನೊಂದು ಕೈಯಲ್ಲಿ ಸೌದೆ ಒಲೆ! ಮರುವರ್ಷ, 1975ರಲ್ಲಿ, ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯೂ ಅದೇ ಆವರಣದಲ್ಲಿ ಹುಟ್ಟಿತು. ಕುಣಿಗಲ್ ತಾಲ್ಲೂಕಿನ ಉಂಗ್ರ ಅನ್ನುವ ಊರಿನಲ್ಲಿ ಅಸ್ತ್ರದವರು ಒಂದು ವಿಸ್ತರಣಾ ಕೇಂದ್ರ ತೆರೆದರು. ಬೆಂಗಳೂರಿನಲ್ಲಿ ಕೂತು ಹಳ್ಳಿಯ ಬಗ್ಗೆ ಯೋಚಿಸುವುದಲ್ಲ, ಹಳ್ಳಿಯಲ್ಲೇ ಪ್ರಯೋಗಾಲಯ ಇರಬೇಕು ಅನ್ನುವುದು ಲೆಕ್ಕಾಚಾರ.

ಅಲ್ಲಿ ಹೋದವರು ಮೊದಲು ಮಾಡಿದ ಕೆಲಸ ನನಗೆ ತುಂಬಾ ಇಷ್ಟ. ಯಂತ್ರ ಮಾಡಲಿಲ್ಲ. ಎಣಿಸಿದರು.

*

ಉಂಗ್ರದ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಇಂಧನದ ಸಮೀಕ್ಷೆ ಮಾಡಿದರು. ಅದರಲ್ಲಿ ಒಂದು ಊರು ಪುರ. 1977ರ ಸೆಪ್ಟೆಂಬರಿನಲ್ಲಿ ಅಲ್ಲಿ 56 ಮನೆ, 357 ಜನ. ಯಾರು ಎಷ್ಟು ಸೌದೆ ಉರಿಸುತ್ತಾರೆ, ಯಾರು ತರುತ್ತಾರೆ, ಎಷ್ಟು ದೂರ ನಡೆಯುತ್ತಾರೆ, ನೀರಿಗೆ ಎಷ್ಟು ಹೊತ್ತು, ದನ ಮೇಯಿಸಲು ಎಷ್ಟು ಹೊತ್ತು, ದೀಪಕ್ಕೆ ಎಷ್ಟು ಸೀಮೆಎಣ್ಣೆ... ಎಲ್ಲವನ್ನೂ ಬರೆದುಕೊಂಡರು. ಮನುಷ್ಯರ ದುಡಿಮೆಯನ್ನೂ ಇಂಧನ ಅಂತಲೇ ಲೆಕ್ಕ ಹಾಕಿದರು.

ಬಂದ ಉತ್ತರ ನೋಡಿ. ಊರು ಬಳಸುವ ಶಕ್ತಿಯಲ್ಲಿ ಶೇಕಡಾ 89 ಬರುತ್ತಿದ್ದುದು ಸೌದೆಯಿಂದ. ಶೇಕಡಾ 7 ಮನುಷ್ಯರ ಮೈಯಿಂದ. ಸೀಮೆಎಣ್ಣೆ ಶೇಕಡಾ 2. ಎತ್ತುಗಳು ಶೇಕಡಾ 1. ಕರೆಂಟು? ಅದೂ ಶೇಕಡಾ 1! ಊರಿಗೆ ಕಂಬ ಬಂದಿತ್ತು, ದಾಖಲೆಯಲ್ಲಿ ಅದು ವಿದ್ಯುದೀಕರಣಗೊಂಡ ಗ್ರಾಮ. ಆದರೆ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಬುಡ್ಡಿ ದೀಪವೇ.

ಆ 7 ಶೇಕಡಾ ಮನುಷ್ಯ ಶಕ್ತಿಯನ್ನು ಬಿಡಿಸಿ ನೋಡಿದಾಗ ಇನ್ನೊಂದು ವಿಷಯ ಕಂಡಿತು. ಅದರಲ್ಲಿ ಹೆಂಗಸರದ್ದು ಶೇಕಡಾ 53, ಗಂಡಸರದ್ದು 31, ಮಕ್ಕಳದ್ದು 16. ದುಡಿಮೆಯ ಬಹುಪಾಲು ಹೋಗುತ್ತಿದ್ದುದು ಹೊಲಕ್ಕಲ್ಲ, ಮನೆವಾರ್ತೆಗೆ: ದನ ಮೇಯಿಸೋದು, ಅಡುಗೆ, ಸೌದೆ, ನೀರು. ಒಂದು ಮನೆಗೆ ಸೌದೆ ತರಲು ದಿನಕ್ಕೆ ಸರಾಸರಿ 2.6 ಗಂಟೆ, 4.8 ಕಿಲೋಮೀಟರ್ ನಡಿಗೆ. ನೀರಿಗೆ ಇನ್ನೊಂದೂವರೆ ಗಂಟೆ, 1.6 ಕಿಲೋಮೀಟರ್. ಅಷ್ಟು ಮಾಡಿದರೂ ಒಬ್ಬರಿಗೆ ಸಿಗುತ್ತಿದ್ದುದು ದಿನಕ್ಕೆ ಸುಮಾರು 17 ಲೀಟರ್. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಸಲ ಶವರ್ ತಿರುಗಿಸಿದರೆ ಅಷ್ಟು ನೀರು ಮಾತಾಡುತ್ತಾ ಮಾತಾಡುತ್ತಾ ಹರಿದು ಹೋಗುತ್ತದೆ.

ಮಕ್ಕಳ ಲೆಕ್ಕ ಕೇಳಿ. ಸೌದೆ ತರುವ ದುಡಿಮೆಯಲ್ಲಿ ಶೇಕಡಾ 30, ನೀರು ಹೊರುವುದರಲ್ಲಿ 20, ದನ ಮೇಯಿಸುವುದರಲ್ಲಿ 34 ಮಕ್ಕಳದ್ದೇ. ಹಳ್ಳಿ ಮಕ್ಕಳು ಯಾಕೆ ಶಾಲೆ ಬಿಡುತ್ತಾರೆ ಅಂತ ಶಿಕ್ಷಣ ತಜ್ಞರು ಎಷ್ಟೆಲ್ಲ ಬರೆದಿದ್ದಾರೆ. ರಸಾಯನಶಾಸ್ತ್ರದ ಮೇಷ್ಟ್ರು ಒಬ್ಬರು ಇಂಧನ ಲೆಕ್ಕ ಮಾಡಲು ಹೋಗಿ ಆ ಉತ್ತರದ ಒಂದು ದೊಡ್ಡ ತುಂಡನ್ನು ತಂದರು. ಆ ಮಗುವಿನ ತಲೆಯ ಮೇಲೆ ಕೊಡ ಇತ್ತು, ಅಷ್ಟೇ.

*

ಲೆಕ್ಕ ಸಿಕ್ಕಿತು. ಇನ್ನು ಪರಿಹಾರ. ಸೌದೆಯೇ ಸಮಸ್ಯೆ ಅಂದಮೇಲೆ ಉತ್ತರ ಎದುರಿಗೇ ಇತ್ತಲ್ಲ, ಗೋಬರ್ ಗ್ಯಾಸ್! ಊರಿನ ದನಗಳ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ ಒಂದೇ ದೊಡ್ಡ ಸ್ಥಾವರಕ್ಕೆ ಹಾಕೋದು, ಅನಿಲವನ್ನು ಪೈಪಿನಲ್ಲಿ ಮನೆಮನೆಗೆ ಕೊಡೋದು, ಹೆಂಗಸರು ಹೊಗೆಯಿಲ್ಲದೆ ಅಡುಗೆ ಮಾಡೋದು. ಖಾದಿ ಆಯೋಗದ ಹಳೇ ಮಾದರಿಯ ಡ್ರಮ್ಮಿನ ಸ್ಥಾವರವನ್ನು ಅಸ್ತ್ರದವರು ಅಳೆದು, ಪರೀಕ್ಷಿಸಿ, ಅಗಲ ಹೆಚ್ಚಿಸಿ ಆಳ ಕಡಿಮೆ ಮಾಡಿ, ಖರ್ಚು ತಗ್ಗಿಸಿದ್ದರು. 1979ರಲ್ಲಿ ಈ ಬಗ್ಗೆ ಸಾಲುಸಾಲು ಪ್ರಬಂಧಗಳೂ ಬಂದವು. ತಾಂತ್ರಿಕವಾಗಿ ಎಲ್ಲ ಸರಿ. ಪುರದಲ್ಲಿ ಊರೊಟ್ಟಿನ ಸ್ಥಾವರ ಎದ್ದಿತು.

ಆದರೆ ಅಡುಗೆ ಅನಿಲದ ಯೋಜನೆ ನಿಲ್ಲಲಿಲ್ಲ.

ಯಾಕೆ? ಒಂದು ಕಾರಣ ಸಗಣಿಯ ಲೆಕ್ಕದಲ್ಲೇ ಇದೆ. ನಮ್ಮ ಬಯಲುಸೀಮೆಯ ದನ ಕೊಟ್ಟಿಗೆಯಲ್ಲಿ ನಿಂತು ತಿನ್ನುವಂಥದ್ದಲ್ಲ. ಹಗಲೆಲ್ಲ ಹೊರಗೆ ಮೇಯುತ್ತದೆ, ಅಲ್ಲಲ್ಲೇ ಹಾಕುತ್ತದೆ. ಕೊಟ್ಟಿಗೆಯಲ್ಲಿ ಸಿಗೋದು ರಾತ್ರಿಯದ್ದು ಮಾತ್ರ. ಅಷ್ಟು ಸಗಣಿಗೆ ಬಂದ ಅನಿಲ ಊರಿನ ಎಲ್ಲ ಮನೆಗಳ ಎರಡೂ ಹೊತ್ತಿನ ಅಡುಗೆಗೆ ಸಾಲಲಿಲ್ಲ. ಅರ್ಧ ಅಡುಗೆಗೆ ಅನಿಲ, ಇನ್ನರ್ಧಕ್ಕೆ ಸೌದೆ ಅಂದರೆ ಸೌದೆಗೆ ಹೋಗೋದು ತಪ್ಪಲೇ ಇಲ್ಲವಲ್ಲ!

ಎರಡನೇ ಕಾರಣ ಇನ್ನೂ ಮುಖ್ಯವಾದದ್ದು. ಸೌದೆಗೆ ಯಾರೂ ದುಡ್ಡು ಕೊಡುತ್ತಿರಲಿಲ್ಲ. ಅದರ ಬೆಲೆ ಹೆಂಗಸರ, ಮಕ್ಕಳ ಕಾಲಿನಲ್ಲಿತ್ತು. ಆ ಬೆಲೆ ಮನೆಯ ಯಜಮಾನನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಹೊರಗಿನಿಂದ ಬಂದವರ ಕೋಷ್ಟಕದಲ್ಲಿ 89 ಅಂತ ಇದ್ದ ಅಂಕಿ ಊರಿನವರ ಮನಸ್ಸಿನಲ್ಲಿ ಮೊದಲನೇ ಸಮಸ್ಯೆಯೇ ಆಗಿರಲಿಲ್ಲ. ಅವರಿಗೆ ಬೇಕಾಗಿದ್ದುದು ನೀರು. ಕುಡಿಯೋಕೆ ಒಳ್ಳೇ ನೀರು.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಎರಡು ರೀತಿಯ ವರದಿ ಬರುತ್ತದೆ. "ಗ್ರಾಮಸ್ಥರಲ್ಲಿ ಅರಿವಿನ ಕೊರತೆ" ಅಂತ ಒಂದು. "ಪ್ರಾಯೋಗಿಕ ಹಂತ ಯಶಸ್ವಿಯಾಗಿ ಮುಗಿದಿದೆ" ಅಂತ ಇನ್ನೊಂದು. ಇವರು ಎರಡನ್ನೂ ಬರೆಯಲಿಲ್ಲ. ಸ್ಥಾವರ ಇದ್ದಂತೆಯೇ ಇರಲಿ, ಅದರ ಕೆಲಸ ಬದಲಾಗಲಿ ಅಂದರು.

*

1987ರ ಸೆಪ್ಟೆಂಬರಿನಲ್ಲಿ ಪುರದಲ್ಲಿ ಹೊಸ ವ್ಯವಸ್ಥೆ ಶುರುವಾಯಿತು. ಅನಿಲ ಒಲೆಗೆ ಹೋಗಲಿಲ್ಲ, ಡೀಸೆಲ್ ಇಂಜಿನ್ನಿಗೆ ಹೋಯಿತು. 5 ಕಿಲೋವ್ಯಾಟಿನ ಜನರೇಟರ್. ಅದರಿಂದ ಬಂದ ಕರೆಂಟಿನಲ್ಲಿ ಕೊಳವೆಬಾವಿಯ ಪಂಪು ಓಡಿತು, ನೀರು ಟ್ಯಾಂಕಿಗೆ ಏರಿ ನಲ್ಲಿಗೆ ಇಳಿಯಿತು. ಸಂಜೆಯಾದರೆ ಅದೇ ಕರೆಂಟಿನಿಂದ ಮನೆಗಳಲ್ಲಿ ಟ್ಯೂಬ್‌ಲೈಟು.

ಇಂಜಿನ್ನಿನ ವಿಷಯ ತಾಂತ್ರಿಕ ಮಂದಿಗಾಗಿ ಒಂದೆರಡು ಸಾಲು. ಡೀಸೆಲ್ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇರೋದಿಲ್ಲ. ಗಾಳಿಯನ್ನು ಒತ್ತಿ ಕಾಯಿಸಿ, ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುವಂತೆ ಮಾಡುತ್ತಾರೆ. ಗೋಬರ್ ಗ್ಯಾಸಿನಲ್ಲಿರುವ ಮೀಥೇನ್ ಆ ಬಿಸಿಗೆ ತಾನಾಗಿ ಹೊತ್ತುವುದಿಲ್ಲ. ಹಾಗಾಗಿ ಗಾಳಿಯ ಜೊತೆ ಅನಿಲವನ್ನು ಒಳಗೆ ಬಿಟ್ಟು, ಕಿಡಿ ಹಚ್ಚಲು ಮಾತ್ರ ಒಂಚೂರು ಡೀಸೆಲ್ ಕೊಡುತ್ತಾರೆ. ಬಹುಪಾಲು ಕೆಲಸ ಅನಿಲದ್ದು, ಬೆಂಕಿಕಡ್ಡಿಯ ಕೆಲಸ ಡೀಸೆಲ್‌ನದ್ದು. ಇದರಲ್ಲಿ ಹೊಸ ಆವಿಷ್ಕಾರ ಅಂತ ಏನೂ ಇಲ್ಲ, ಆಗಲೇ ಗೊತ್ತಿದ್ದ ವಿದ್ಯೆ.

ಹಾಗಾದರೆ ಆವಿಷ್ಕಾರ ಎಲ್ಲಿತ್ತು? ನನ್ನ ಪ್ರಕಾರ ಮೂರು ಕಡೆ. ಮೂರೂ ಯಂತ್ರದ ಹೊರಗೆ.

ಮೊದಲನೆಯದು, ಎರಡು ಪೈಸೆ. ಮನೆಯವರು ಸಗಣಿಯನ್ನು ತಂದು ತೂಗಿಸಬೇಕು, ಪ್ರತಿ ಕಿಲೋಗೆ ಎರಡು ಪೈಸೆ. ಐವತ್ತು ಕಿಲೋ ತಂದರೆ ಒಂದು ರೂಪಾಯಿ. ನಗು ಬರುತ್ತದೆ ಅಲ್ವಾ? ಆದರೆ ಯೋಚಿಸಿ, ಸಗಣಿ ಹೊತ್ತು ತರುವವರು ಯಾರು? ಹೆಂಗಸರು, ಮಕ್ಕಳು. ಅವರ ಕೆಲಸಕ್ಕೆ ಒಂದು ತಕ್ಕಡಿ, ಒಂದು ಲೆಕ್ಕದ ಪುಸ್ತಕ, ಒಂದು ಸಾಲು ಬಂತು. ಸೌದೆಯ ಲೆಕ್ಕದಲ್ಲಿ ಕಾಣದೇ ಹೋಗಿದ್ದ ದುಡಿಮೆ ಇಲ್ಲಿ ಬರಹದಲ್ಲಿ ಕಂಡಿತು.

ಎರಡನೆಯದು, ಬಗ್ಗಡ ವಾಪಸ್. ರೈತನಿಗೆ ಸಗಣಿ ಅಂದರೆ ಕಸವಲ್ಲ, ಹೊಲದ ಗೊಬ್ಬರ. "ನಮ್ಮ ತಿಪ್ಪೆ ಖಾಲಿ ಮಾಡಿ ಊರಿಗೆಲ್ಲ ದೀಪ ಹಚ್ಚಬೇಕಾ?" ಅಂತ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಸ್ಥಾವರದಿಂದ ಹೊರಬರುವ ಬಗ್ಗಡದಲ್ಲಿ ಗೊಬ್ಬರದ ಸತ್ವ ಇದ್ದೇ ಇರುತ್ತದೆ, ಆದರೆ ಅದು ನೀರುನೀರು, ಹೊತ್ತುಕೊಂಡು ಹೋಗೋದು ಹೇಗೆ? ಮರಳಿನ ಪಾತಿ ಮಾಡಿ ಬಗ್ಗಡವನ್ನು ಸೋಸಿದರು. ನೀರು ಬಸಿದು, ಉಳಿದದ್ದು ಹೆಚ್ಚುಕಡಿಮೆ ಸಗಣಿಯಷ್ಟೇ ಗಟ್ಟಿ. ಯಾರು ಎಷ್ಟು ತಂದರೋ ಅದಕ್ಕೆ ತಕ್ಕಷ್ಟು ಅವರಿಗೇ ಹಿಂತಿರುಗಿಸಿದರು. ಬಸಿದ ನೀರು ಹೊಸ ಸಗಣಿ ಕಲಸಲು. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಅಗ್ಗದ ಭಾಗ ಈ ಮರಳಿನ ಪಾತಿ. ಅದಿಲ್ಲದಿದ್ದರೆ ಉಳಿದದ್ದೆಲ್ಲ ಒಂದು ತಿಂಗಳಲ್ಲಿ ನಿಲ್ಲುತ್ತಿತ್ತು ಅನ್ನೋದು ನನ್ನ ನಂಬಿಕೆ.

ಮೂರನೆಯದು, ಕೀಲಿಕೈ ಯಾರ ಹತ್ತಿರ ಅನ್ನುವುದು. ಸ್ಥಾವರವನ್ನು ದಿನನಿತ್ಯ ನಡೆಸಿದವರು ಬೆಂಗಳೂರಿನ ಇಂಜಿನಿಯರುಗಳಲ್ಲ. ತರಬೇತಿ ಪಡೆದ ಹಳ್ಳಿಯ ಹುಡುಗರು. ಸಗಣಿ ತೂಗೋದು, ಕಲಸೋದು, ಇಂಜಿನ್ ಚಾಲೂ ಮಾಡೋದು, ನೀರು ಬಿಡೋದು, ಲೆಕ್ಕ ಬರೆಯೋದು ಎಲ್ಲ ಅವರದ್ದು, ಅದಕ್ಕೆ ಸಂಬಳ. ಊರಿನ ಸಮಿತಿ ಅವರ ಮೇಲೆ ಕಣ್ಣಿಟ್ಟಿತ್ತು. ರಾತ್ರಿ ದೀಪ ಬರಲಿಲ್ಲ ಅಂದರೆ ಯಾವ ಕಾಲ್ ಸೆಂಟರಿಗೂ ಫೋನ್ ಮಾಡಬೇಕಿಲ್ಲ, ಆ ಹುಡುಗನ ಮನೆ ಬಾಗಿಲು ತಟ್ಟಿದರೆ ಆಯಿತು. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದರೆ ಪ್ರೊಡಕ್ಷನ್ ಸಪೋರ್ಟ್ ಇಂಜಿನಿಯರ್ ಅದೇ ಬೀದಿಯಲ್ಲಿದ್ದ, ಅವನ ಮನೆಯ ದೀಪವೂ ಅದೇ ಲೈನಿನಲ್ಲಿತ್ತು :-)

ಯುವಕರ ಆವಿಷ್ಕಾರ ಅಂದಾಗ ನನಗೆ ಮೊದಲು ನೆನಪಾಗೋದು ಈ ಹುಡುಗರೇ. ಯಾವ ಬಹುಮಾನದ ಪಟ್ಟಿಯಲ್ಲೂ ಇಲ್ಲದವರು.

*

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಅನ್ನುವವರು ಒಂದು ಪ್ರಸಿದ್ಧ ಪ್ರಬಂಧ ಬರೆದಿದ್ದರು. ಗೋಮಾಳ ಎಲ್ಲರದ್ದಾದರೆ ಪ್ರತಿಯೊಬ್ಬನೂ ಇನ್ನೊಂದು ದನ, ಇನ್ನೊಂದು ದನ ಅಂತ ಬಿಟ್ಟು ಕೊನೆಗೆ ಗೋಮಾಳವೇ ಹಾಳಾಗುತ್ತದೆ ಅನ್ನೋದು ಅದರ ಸಾರ. ಸಾಮೂಹಿಕ ಆಸ್ತಿಯ ದುರಂತ ಅಂತ ಅದಕ್ಕೆ ಹೆಸರು. ರೆಡ್ಡಿಯವರು 1995ರಲ್ಲಿ ಪುರದ ಅನುಭವ ಇಟ್ಟುಕೊಂಡು ಅದಕ್ಕೊಂದು ಉತ್ತರ ಬರೆದರು. ದುರಂತ ಅಲ್ಲ, ವರ ಅಂದರು.

ಅವರ ವಾದ ಸರಳ. ಪುರದಲ್ಲಿ ಒಬ್ಬ ಸಗಣಿ ಕೊಡದೇ ಹೋದರೆ ಅನಿಲ ಕಡಿಮೆ, ಅನಿಲ ಕಡಿಮೆಯಾದರೆ ನೀರು ಕಡಿಮೆ, ದೀಪ ಕಡಿಮೆ. ಆ ಪೆಟ್ಟು ಯಾವತ್ತೋ ಮೊಮ್ಮಕ್ಕಳ ಕಾಲಕ್ಕಲ್ಲ, ಇವತ್ತೇ ಸಂಜೆ, ಅವನ ಮನೆಗೂ ಬೀಳುತ್ತದೆ. ಸ್ವಂತದ ಲಾಭ ಮತ್ತು ಊರಿನ ಲಾಭ ಒಂದೇ ದಿಕ್ಕಿಗೆ ತಿರುಗುವ ಹಾಗೆ ವ್ಯವಸ್ಥೆ ಕಟ್ಟಿದರೆ ಜನ ಒಳ್ಳೆಯವರಾಗಿಯೇ ಇರಬೇಕು ಅಂತೇನೂ ಇಲ್ಲ, ಊರು ನಡೆಯುತ್ತದೆ. ಅಡುಗೆ ಅನಿಲದ ಯೋಜನೆಯಲ್ಲಿ ಇದೇ ಇರಲಿಲ್ಲ. ಕೈಬಿಟ್ಟವರಿಗೆ ಏನೂ ನಷ್ಟವಿರಲಿಲ್ಲ, ಸೌದೆ ಹೇಗೂ "ಪುಕ್ಕಟೆ"ಯಾಗಿ ಬರುತ್ತಿತ್ತು.

ವ್ಯವಸ್ಥೆ ಸುಮಾರು ಒಂದು ದಶಕ ನಡೆಯಿತು. ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಿಂದ ಇನ್ನೊಂದು ದಾರಿ ಹಿಡಿದರು. ಊರವರೇ ಬೆಳೆಸಿದ ಮರಗಳ ಕಟ್ಟಿಗೆಯಿಂದ ಅನಿಲ ಮಾಡಿ ಇಂಜಿನ್ ಓಡಿಸೋದು, ಅದರಿಂದ ದೀಪ, ನೀರು, ಹಿಟ್ಟಿನ ಗಿರಣಿ. ಅದೂ ಹತ್ತು ವರ್ಷಕ್ಕೂ ಮೀರಿ ನಡೆಯಿತು.

ಈಗ ಪುರದ ಸ್ಥಾವರ ಓಡುತ್ತಿಲ್ಲ. ಅದನ್ನು ಸೋಲು ಅನ್ನುವವರಿದ್ದಾರೆ. ನಾನು ಹಾಗನ್ನಲಾರೆ. ಐದು ವರ್ಷ ಒಂದೇ ರೀತಿ ಓಡಿದ ಸಾಫ್ಟ್‌ವೇರನ್ನು ನಮ್ಮ ಆಫೀಸಿನಲ್ಲಿ "ಲೆಗಸಿ" ಅಂತ ಗೌರವದಿಂದ, ಸ್ವಲ್ಪ ಭಯದಿಂದ ಕರೆಯುತ್ತೇವೆ. ಹತ್ತು ವರ್ಷ ದಿನವೂ ನೀರು ಎತ್ತಿದ ಯಂತ್ರಕ್ಕೆ ಅದಕ್ಕಿಂತ ಒಳ್ಳೇ ಹೆಸರು ಸಲ್ಲಬೇಕು. ಆ ಹತ್ತು ವರ್ಷದಲ್ಲಿ ಎಷ್ಟೋ ಮಕ್ಕಳ ಬಾಲ್ಯ ಬಂದು ಹೋಯಿತು, ತಲೆಯ ಮೇಲೆ ಕೊಡ ಇಲ್ಲದೆ.

*

ಅಸ್ತ್ರದ ಕೆಲಸದಲ್ಲಿ ಪುರಕ್ಕಿಂತ ಹೆಚ್ಚು ಮನೆಗಳನ್ನು ಮುಟ್ಟಿದ್ದು 'ಅಸ್ತ್ರ ಒಲೆ'. ಇದರ ಬಗ್ಗೆ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಮೂರು ಪಾತ್ರೆ ಕೂರುವ ಮಣ್ಣಿನ ಒಲೆ, ಕೆಳಗೆ ಕಬ್ಬಿಣದ ಜಾಲರಿ, ಹಿಂದೆ ಹೊಗೆ ಕೊಳವೆ. 1980ರ ದಶಕದ ಆರಂಭದಲ್ಲಿ ಎಸ್. ಎಸ್. ಲೋಕ್ರಾಸ್, ಕೆ. ಎಸ್. ಜಗದೀಶ್ ಮತ್ತಿತರರು ರೂಪಿಸಿದ್ದು. ನಮ್ಮ ಮಾಮೂಲಿ ಒಲೆಯಲ್ಲಿ ಸೌದೆಯ ಬಿಸಿಯ ಬಹುಪಾಲು ಗೋಡೆಗೆ, ಸೂರಿಗೆ, ಅಡುಗೆ ಮಾಡುವವರ ಮುಖಕ್ಕೆ ಹೋಗುತ್ತದೆ, ಪಾತ್ರೆಗೆ ಸೇರೋದು ಒಂದು ಸಣ್ಣ ಪಾಲು. ಈ ಒಲೆಯಲ್ಲಿ ಆ ಪಾಲು ಹಲವು ಪಟ್ಟು ಹೆಚ್ಚಿತು.

ನಮ್ಮ ಅಜ್ಜಿ ಮನೆಯಲ್ಲಿ ಇಂಥದ್ದೇ ಒಂದು ಒಲೆ ಇತ್ತು. ಮೂರನೇ ಬಾಯಿಯ ಮೇಲೆ ಸದಾ ಸ್ನಾನದ ನೀರಿನ ಹಂಡೆ. ಒಮ್ಮೆ ಅಜ್ಜಿಯನ್ನು ಕೇಳಿದ್ದೆ, "ಅಜ್ಜಿ, ಹಳೇ ಒಲೆ ಒಳ್ಳೇದಿತ್ತಾ, ಇದು ಒಳ್ಳೇದಾ?" ಅಂತ. "ಕಣ್ಣುರಿ ಹೋಯ್ತು ಮಗ. ಆದ್ರೆ ಇದ್ಕೆ ಸೌದೇನ ಸಣ್ಣಕ್ಕೆ ಸೀಳ್ಬೇಕು. ಸೀಳೋಳು ನಾನೇ ಅಲ್ವಾ?" ಅಂದರು.

ಇದು ನೂರು ಪುಟದ ವರದಿಗೆ ಸಮ. ಒಲೆಯ ಬಾಯಿ ಸಣ್ಣದಾದಷ್ಟೂ ಒಳಗೆ ನುಗ್ಗುವ ತಣ್ಣನೆ ಗಾಳಿ ಕಡಿಮೆ, ದಕ್ಷತೆ ಹೆಚ್ಚು, ಅದು ಭೌತಶಾಸ್ತ್ರ. ಬಾಯಿ ಸಣ್ಣದಾದರೆ ಉದ್ದುದ್ದ ಕಟ್ಟಿಗೆ ತೂರಿಸಿ ಹೊಲದ ಕಡೆ ಹೋಗಲಾಗದು, ಅದು ಬದುಕು. ಅದೂ ಅಲ್ಲದೆ ಈ ಒಲೆಯ ಗುಣವೆಲ್ಲ ಅಳತೆಯಲ್ಲಿತ್ತು. ಪಾತ್ರೆಗೂ ಒಲೆಗೂ ನಡುವಿನ ಸಂದು ಒಂದೆರಡು ಬೆರಳು ಹೆಚ್ಚಾದರೂ ಲಾಭ ಹೋಯಿತು. ಹಾಗಾಗಿ ಒಲೆ ಕಟ್ಟುವವರಿಗೆ ತರಬೇತಿ ಕೊಟ್ಟು ಹಳ್ಳಿಹಳ್ಳಿಗೆ ಕಳಿಸಬೇಕಾಯಿತು. ಆದರೆ ದೇಶದ ಮಟ್ಟದಲ್ಲಿ ಸುಧಾರಿತ ಒಲೆಗಳ ಕಾರ್ಯಕ್ರಮ 1980ರ ದಶಕದಲ್ಲಿ ಶುರುವಾದಾಗ ಗುರಿ ಇದ್ದದ್ದು ಎಷ್ಟು ಒಲೆ ಕಟ್ಟಿದಿರಿ ಅನ್ನೋದಕ್ಕೆ. ಎಷ್ಟು ಒಲೆ ಮರುವರ್ಷವೂ ಉರಿಯುತ್ತಿವೆ ಅನ್ನೋದು ಹಿಂದೆ ಬಿತ್ತು. ಕೊಳವೆಯಲ್ಲಿ ಮಸಿ ಕಟ್ಟಿದರೆ ತೆಗೆಯುವವರು ಯಾರು? ಜಾಲರಿ ಸುಟ್ಟುಹೋದರೆ ಎಲ್ಲಿ ಸಿಗುತ್ತದೆ? ಪುರದಲ್ಲಿ ಬೀದಿಯಲ್ಲೇ ಇದ್ದ ಆ ಹುಡುಗ ಈ ಒಲೆಗೆ ಇರಲಿಲ್ಲ.

*

ಇಷ್ಟು ಹೊತ್ತು ಹೇಳಿದ್ದು ಸರ್ಕಾರಿ ಸಂಸ್ಥೆಯ ಹಣದಲ್ಲಿ ನಡೆದದ್ದು. ಇದೇ ಪಾಠವನ್ನು ಕರ್ನಾಟಕದಲ್ಲೇ ಒಬ್ಬ ಯುವಕ ವ್ಯಾಪಾರದ ದಾರಿಯಲ್ಲಿ ಕಲಿತ ಕಥೆಯನ್ನೂ ಸೇರಿಸಿದರೆ ಚಿತ್ರ ಪೂರ್ತಿಯಾಗುತ್ತದೆ.

ಹರೀಶ್ ಹಂದೆ ಹುಟ್ಟಿದ್ದು 1967ರಲ್ಲಿ, ಬೆಳೆದದ್ದು ಒಡಿಶಾದ ರೂರ್ಕೆಲಾದಲ್ಲಿ. ಖರಗ್‌ಪುರದ ಐಐಟಿಯಲ್ಲಿ ಇಂಧನ ಇಂಜಿನಿಯರಿಂಗ್ ಓದಿ, ಅಮೆರಿಕಕ್ಕೆ ಹೋಗಿ ಪಿಎಚ್‌ಡಿಗೆ ಸೇರಿದರು. ಮೊದಲು ಅವರ ವಿಷಯ ದೊಡ್ಡ ಪ್ರಮಾಣದ ಸೌರ ಶಾಖ ಸ್ಥಾವರಗಳು. ಡೊಮಿನಿಕನ್ ರಿಪಬ್ಲಿಕ್‌ಗೆ ಹೋದಾಗ ಅಲ್ಲಿನ ಬಡ ಹಳ್ಳಿಗರು ತಾವೇ ದುಡ್ಡು ಕೊಟ್ಟು ಸೌರ ದೀಪ ಹಾಕಿಸಿಕೊಂಡಿದ್ದು ಕಂಡರು. ವಾಪಸ್ ಬಂದು ವಿಷಯವನ್ನೇ ಬದಲಿಸಿದರು. ಶ್ರೀಲಂಕಾದ ಹಳ್ಳಿಯಲ್ಲಿ, ಆಮೇಲೆ ಭಾರತದಲ್ಲಿ, ಕರೆಂಟಿಲ್ಲದ ಮನೆಗಳ ಜೊತೆ ಇದ್ದು ನೋಡಿದರು. 1995ರಲ್ಲಿ ನೆವಿಲ್ ವಿಲಿಯಮ್ಸ್ ಜೊತೆ ಸೇರಿ ಬೆಂಗಳೂರಿನಲ್ಲಿ ಸೆಲ್ಕೋ ಕಂಪನಿ ಶುರು ಮಾಡಿದರು. ಆಗ ಅವರಿಗೆ 28ರ ಆಸುಪಾಸು, ಹೆಚ್ಚುಕಡಿಮೆ ಈಗ ನನ್ನ ವಯಸ್ಸು. ಇದನ್ನು ಬರೆಯುವಾಗ ಸ್ವಲ್ಪ ಹೊಟ್ಟೆಯಲ್ಲಿ ಏನೋ ಆಗುತ್ತದೆ, ಇರಲಿ.

ಸೌರ ಫಲಕ ಅವರ ಆವಿಷ್ಕಾರವಲ್ಲ. ಬ್ಯಾಟರಿಯೂ ಅಲ್ಲ. ಅವರು ಕಟ್ಟಿದ್ದು ಕಂತನ್ನು. ಬಡವರ ಮನೆಗೆ ಸೌರ ದೀಪ ದುಬಾರಿ ಅಂತ ಎಲ್ಲರೂ ಹೇಳುತ್ತಿದ್ದರು. ಆದರೆ ಅವರು ಸೀಮೆಎಣ್ಣೆಗೆ, ಮೇಣದಬತ್ತಿಗೆ ತಿಂಗಳು ತಿಂಗಳು ಸುರಿಯುತ್ತಿದ್ದ ದುಡ್ಡು ಕೂಡಿಸಿದರೆ ದೀಪದ ಬೆಲೆ ಬರುತ್ತಿತ್ತು. ಕೊರತೆ ಇದ್ದದ್ದು ಒಟ್ಟಿಗೆ ಕೊಡುವ ಶಕ್ತಿಯದ್ದು. ಗ್ರಾಮೀಣ ಬ್ಯಾಂಕುಗಳ ಬಾಗಿಲಿಗೆ ಹೋಗಿ, ಟ್ರ್ಯಾಕ್ಟರಿಗೆ, ಪಂಪ್‌ಸೆಟ್ಟಿಗೆ ಸಾಲ ಕೊಡುವ ಹಾಗೆ ಬೆಳಕಿಗೂ ಕೊಡಿ ಅಂತ ಒಪ್ಪಿಸಬೇಕಾಯಿತು. ದೀಪ ಆದಾಯ ತರುವ ವಸ್ತುವೇ ಅಂತ ಮ್ಯಾನೇಜರ್ ಕೇಳಿದರೆ, ರಾತ್ರಿ ಬೀಡಿ ಕಟ್ಟುವವರ, ಹೂ ಕಟ್ಟುವವರ, ಹೊಲಿಗೆ ಹಾಕುವವರ ಲೆಕ್ಕ ಬಿಡಿಸಿ ತೋರಿಸಬೇಕಿತ್ತು.

ಹಂದೆಯವರು ಹೋದಲ್ಲೆಲ್ಲ ಹೇಳುವ ಒಂದು ಮಾತಿದೆ. ಬೀದಿ ವ್ಯಾಪಾರಿಯೊಬ್ಬರಿಗೆ ತಿಂಗಳಿಗೆ ಮುನ್ನೂರು ರೂಪಾಯಿ ಅಂದರೆ ತುಂಬಾ ಹೆಚ್ಚಾಯಿತು, ದಿನಕ್ಕೆ ಹತ್ತು ರೂಪಾಯಿ ಅಂದರೆ ಕೊಡಬಹುದು ಅನ್ನಿಸಿತಂತೆ. ಗಣಿತದ ಮೇಷ್ಟ್ರಿಗೆ ಎರಡೂ ಒಂದೇ. ಸಂಜೆ ಗಲ್ಲಾ ಎಣಿಸಿ ಬೆಳಿಗ್ಗೆ ಅದರಲ್ಲೇ ಮಾಲು ತರುವವರಿಗೆ ಎರಡೂ ಬೇರೆಬೇರೆ ಜಗತ್ತು. ಪುರದ ಎರಡು ಪೈಸೆ, ಇಲ್ಲಿನ ಹತ್ತು ರೂಪಾಯಿ... ಯಂತ್ರವನ್ನು ಜನರ ದಿನಚರಿಗೆ ಹೊಂದಿಸುವ ಕೊಂಡಿ ಎರಡು ಕಡೆಯೂ ಅಷ್ಟೇ ಸಣ್ಣದು.

ಜೊತೆಗೆ ಗಿರಾಕಿ ಇರುವ ಕಡೆಯೇ ಸರ್ವಿಸ್ ಸೆಂಟರ್, ಅಲ್ಲಿ ಊರಿನ ಕಡೆಯದ್ದೇ ಹುಡುಗರಿಗೆ ಕೆಲಸ. ಕಂಪನಿಗೆ 2005ರಲ್ಲಿ ಮತ್ತು 2007ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಬಂತು, ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ. ಕಂಪನಿ ಈಗಲೂ ನಡೆಯುತ್ತಿದೆ.

*

ಈಗ ನಮ್ಮ ಕಾಲಕ್ಕೆ ಬರೋಣ. ಕರ್ನಾಟಕದ ವಿಜ್ಞಾನ ಮಂಡಳಿ 1977ರಿಂದಲೂ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಕೊನೇ ವರ್ಷದ ಪ್ರಾಜೆಕ್ಟುಗಳಿಗೆ ಹಣ ಸಹಾಯ ಮಾಡುತ್ತಾ ಬಂದಿದೆ. ಅಡಿಕೆ ಸುಲಿಯುವ ಯಂತ್ರ, ತೆಂಗಿನ ಮರ ಹತ್ತುವ ಸಾಧನ, ಬಿತ್ತನೆ ಕೂರಿಗೆ ಇಂಥವಕ್ಕೆ ನಮ್ಮ ರಾಜ್ಯದ ಕಾಲೇಜುಗಳಲ್ಲಿ ಕೊರತೆಯೇ ಇಲ್ಲ. ನನ್ನ ಕಾಲೇಜಿನಲ್ಲೂ ಸೀನಿಯರ್‌ಗಳು ಮಣ್ಣಿನ ತೇವ ಅಳೆದು ಮೊಬೈಲಿಗೆ ಮೆಸೇಜ್ ಕಳಿಸುವ ಒಂದು ಚಂದದ ಪೆಟ್ಟಿಗೆ ಮಾಡಿದ್ದರು. ಪ್ರದರ್ಶನದಲ್ಲಿ ಬಹುಮಾನವೂ ಬಂತು. ನಾನು ಕೊನೇ ವರ್ಷಕ್ಕೆ ಬರುವ ಹೊತ್ತಿಗೆ ಅದು ಲ್ಯಾಬಿನ ಬೀರುವಿನ ಮೇಲಿತ್ತು, ಬ್ಯಾಟರಿ ಸೋರಿ ಹಸಿರುಗಟ್ಟಿತ್ತು. ಮಾಡಿದವರು ಯಾರೂ ದಡ್ಡರಲ್ಲ, ಈಗ ಒಳ್ಳೊಳ್ಳೆ ಕೆಲಸಗಳಲ್ಲಿದ್ದಾರೆ. ಡಿಗ್ರಿ ಮುಗಿಯಿತು, ಅವರು ಊರು ಬಿಟ್ಟರು. ಪೆಟ್ಟಿಗೆಗೆ ಬೀದಿಯಲ್ಲಿ ಯಾರೂ ಇರಲಿಲ್ಲ.

ಅದಕ್ಕೇ ಹಳ್ಳಿಗೆ ಏನಾದರೂ ಮಾಡಬೇಕು ಅಂತ ಹೊರಟವರಿಗೆ ಪುರದ ಚರಿತ್ರೆ ನಾಲ್ಕು ಪ್ರಶ್ನೆ ಕೊಡುತ್ತದೆ ಅನ್ನೋದು ನನ್ನ ಅನಿಸಿಕೆ. ನೀವು ಎಣಿಸಿದ ಸಮಸ್ಯೆ ಮತ್ತು ಅವರು ಹೇಳುವ ಸಮಸ್ಯೆ ಒಂದೇನಾ? ಇದರಿಂದ ಹೆಚ್ಚಾಗುವ ಕೆಲಸ ಯಾರ ಮೈಮೇಲೆ ಬೀಳುತ್ತದೆ? ಅವರಿಂದ ತೆಗೆದುಕೊಂಡದ್ದರಲ್ಲಿ ವಾಪಸ್ ಕೊಡುವುದೆಷ್ಟು? ನಾನೂರನೇ ದಿನ ಕೆಟ್ಟರೆ ಯಾರ ಮನೆ ಬಾಗಿಲು ತಟ್ಟಬೇಕು? ಈ ನಾಲ್ಕರಲ್ಲಿ ಒಂದಕ್ಕೂ ಇಪ್ಪತ್ನಾಲ್ಕು ಗಂಟೆಯಲ್ಲಿ ಉತ್ತರ ಸಿಗೋದಿಲ್ಲ. ಪುರದಲ್ಲಿ ಸಮೀಕ್ಷೆಯಿಂದ ನಲ್ಲಿ ನೀರಿನವರೆಗೆ ಹತ್ತು ವರ್ಷ ಹಿಡಿಯಿತು, ನಡುವೆ ಒಂದು ಯೋಜನೆ ಕೈಕೊಟ್ಟಿತು. ಆ ಹತ್ತು ವರ್ಷ ಅಲ್ಲಿಂದ ಎದ್ದು ಹೋಗದೆ ಕೂತದ್ದೇ ದೊಡ್ಡ ವಿಷಯ.

ರೆಡ್ಡಿಯವರು 2006ರ ಮೇ ತಿಂಗಳಲ್ಲಿ ತೀರಿಕೊಂಡರು. ಅಸ್ತ್ರ ಈಗ ಸುಸ್ಥಿರ ತಂತ್ರಜ್ಞಾನ ಕೇಂದ್ರ ಅನ್ನುವ ಹೆಸರಿನಲ್ಲಿ ಅದೇ ಸಂಸ್ಥೆಯಲ್ಲಿದೆ. ಅವರ ಪ್ರಬಂಧಗಳೆಲ್ಲ ಇಂಗ್ಲಿಷಿನಲ್ಲಿವೆ, ಓದಲು ಸಿಗುತ್ತವೆ. ಪುರದ ಹೆಂಗಸರು, ಆ ಹುಡುಗರು ಈ ಕಥೆಯನ್ನು ತಮ್ಮ ಮಾತಿನಲ್ಲಿ ಹೇಗೆ ಹೇಳುತ್ತಾರೆ ಅನ್ನೋದನ್ನು ಮಾತ್ರ ನಾನು ಇನ್ನೂ ಎಲ್ಲೂ ಓದಿಲ್ಲ. ನಿಮ್ಮಲ್ಲಿ ಕುಣಿಗಲ್ ಕಡೆಯವರು ಯಾರಾದರೂ ಇದ್ದರೆ, ಅಥವಾ ನಿಮ್ಮ ಮನೆಯಲ್ಲಿ ಅಸ್ತ್ರ ಒಲೆ ಉರಿದ ನೆನಪಿದ್ದರೆ, ದಯವಿಟ್ಟು ಬರೆಯಿರಿ. ಮನೆಯಲ್ಲಿ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ಬರೆದರೆ ಇನ್ನೂ ಒಳ್ಳೆಯದು. ಸೌದೆ ಸೀಳಿದವರು ಅವರೇ ಅಲ್ವಾ?